ಖಣದ ಗಂಟು

ಭಾನುವಾರ ಬಂತೆಂದರೆ ಹೈದರಾಬಾದಿನ ಮಂದಿ ಬಿರಿಯಾನಿಗೆ ಸಾಲು ನಿಲ್ಲುತ್ತಾರೆ, ಇಲ್ಲವೇ ಮಾಲ್ ಸುತ್ತುತ್ತಾರೆ. ಶಾಂತಕುಮಾರ ಮಾತ್ರ ಒಂದು ಕುರ್ಪಿ, ಒಂದು ಜರಡಿ, ಮೊಣಕಾಲುದ್ದದ ರಬ್ಬರ್ ಬೂಟು ಚೀಲಕ್ಕೆ ಹಾಕಿಕೊಂಡು ಮೂಸಿ ನದಿಗೆ ಇಳಿಯುತ್ತಿದ್ದ. ನದಿ ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಬೇಸಿಗೆಯಲ್ಲಿ ಅದು ಊರಿನ ಹೊಲಸನ್ನೆಲ್ಲ ಹೊತ್ತು, ಬಿಳಿ ನೊರೆ ಕಾರುತ್ತ, ಚಾದರ್‌ಘಾಟ್ ಸೇತುವೆಯ ಕೆಳಗೆ ತೆವಳುತ್ತದೆ. ಮೂಗಿದ್ದವರು ಯಾರೂ ಅಲ್ಲಿ ನಿಲ್ಲುವುದಿಲ್ಲ.

ಮೊದಲು ಇದು ಅವನ ಶೋಕಿಯಾಗಿತ್ತು. ಸುಲ್ತಾನ್ ಬಜಾರಿನ ಬಟ್ಟೆ ಅಂಗಡಿಯಲ್ಲಿ ವಾರವೆಲ್ಲ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿಟ್ಟು ಬೇಸತ್ತವನಿಗೆ ರಜೆಯ ದಿನ ಯಾರೂ ನೋಡದ ಮೂಲೆ ಬೇಕಿತ್ತು. ಗುಜರಿ ಅಂಗಡಿಯ ಹಿಂದೆ ಅರ್ಧ ಹೂತುಹೋದ ಮೆಟ್ಟಿಲುಬಾವಿ, ಒಂದು ಕಾಲಕ್ಕೆ ದಾರಿಹೋಕರು ತಂಗುತ್ತಿದ್ದ, ಈಗ ಆಡು ಕಟ್ಟುವ ಹಳೆಯ ಛತ್ರ, ಹೆಸರಿಲ್ಲದ ಗೋರಿ. ನದಿಯ ದಂಡೆಯಲ್ಲಿ ನಿಜಾಮರ ಕಾಲದ ತಾಮ್ರದ ಕಾಸು, ಗೋಲಿ ಸೋಡಾದ ಬಾಟಲಿ, ಚಿತ್ತಾರದ ಪಿಂಗಾಣಿ ಚೂರು. ಸಿಕ್ಕಿದ್ದನ್ನೆಲ್ಲ ತಂದು ಅಣ್ಣ ಮಲ್ಲಣ್ಣನಿಗೆ ತೋರಿಸುತ್ತಿದ್ದ. ಹದಿನಾಲ್ಕು ವರ್ಷ ದೊಡ್ಡವನಾದ ಅಣ್ಣ, "ಲೇ, ಮಂದಿ ಒಗದಿದ್ದನ್ನ ಮನಿಗೆ ತರ್ತೀಯಲ್ಲೋ" ಎಂದು ನಗುತ್ತಲೇ ಒಂದೆರಡು ಸಲ ಅವನ ಜೊತೆ ಆ ಬಾವಿ ನೋಡಲು ಬಂದಿದ್ದ.

ಈಗ ಅದು ಶೋಕಿಯಾಗಿ ಉಳಿದಿರಲಿಲ್ಲ. ಲಾಕ್‌ಡೌನ್ ವರ್ಷದ ಅಕ್ಟೋಬರಿನಲ್ಲಿ ಆಕಾಶವೇ ಕಳಚಿಬಿದ್ದಂಥ ಮಳೆ ಸುರಿದ ಸಂಜೆ, ಶಾಂತಕುಮಾರ ಯಾವುದೋ ಗೋರಿ ನೋಡಲು ಹೋಗಿ ನದಿಯಾಚೆ ಮಲಕ್‌ಪೇಟೆಯ ಕಡೆ ಸಿಕ್ಕಿಬಿದ್ದ. ಏಳು ಗಂಟೆಗೆ ಅಣ್ಣನಿಗೆ ಫೋನ್ ಮಾಡಿದ. "ಬರಾಕತ್ತೀನಿ, ಅಲ್ಲೇ ನಿಂದ್ರು" ಎಂದ ಮಲ್ಲಣ್ಣ ಬರಲೇ ಇಲ್ಲ. ಮರುದಿನ ಅವನ ಸ್ಕೂಟರ್ ಸೇತುವೆಯ ಬಳಿ ಒಂದು ಗೋಡೆಗೆ ಒರಗಿ ಬಿದ್ದಿತ್ತು. ಮಲ್ಲಣ್ಣನ ದೇಹ ಸಿಗಲಿಲ್ಲ.

ಅಂದಿನಿಂದ, ಅಣ್ಣತಮ್ಮಂದಿರು ಕೂಡಿದ್ದ ಕಾಚಿಗುಡದ ಮನೆಯಲ್ಲಿ ಶಾಂತಕುಮಾರನದು ಅಪರಾಧಿಯ ಜಾಗ. ಬಾಯಿಬಿಟ್ಟು ಅಂದವಳು ಅಣ್ಣನ ಮಗಳು ಸ್ನೇಹಲತಾ ಒಬ್ಬಳೇ. ಆಗ ಹದಿನೈದರ ಹುಡುಗಿ. "ಕಾಕಾ, ನಿನ್ನ ಹಾಳು ಗೋರಿ ಸಲುವಾಗಿ ನಮ್ಮಪ್ಪ ಹೋದ" ಎಂದಳು. ಆಮೇಲೆ ಮಾತೇ ಬಿಟ್ಟಳು. ತಟ್ಟೆ ಇಟ್ಟು ಹೋಗುತ್ತಾಳೆ, ಮುಖ ನೋಡುವುದಿಲ್ಲ. ಹೆಗಲ ಮೇಲೆ ಹೊತ್ತು ಬೆಳೆಸಿದ ಹುಡುಗಿ ಹಾಗೆ ಮಾಡಿದರೆ ಯಾರ ಕರುಳು ತಡೆದೀತು?

ಹಿರೇಮಠದ ಅಯ್ಯನವರು ಒಂದು ದಾರಿ ಹೇಳಿದ್ದರು. ಲಿಂಗಾಯತರಲ್ಲಿ ಕೂಸಿದ್ದಾಗ ಕೊರಳಿಗೆ ಬಂದ ಲಿಂಗ, ಸತ್ತಾಗ ಅಂಗೈಯಲ್ಲಿ ಕೂತು ಜೊತೆಗೇ ಮಣ್ಣಿಗೆ ಹೋಗಬೇಕು. ನಡುವೆ ಅದು ಮೈ ಬಿಡುವಂತಿಲ್ಲ. "ದೇಹ ಸಿಗಲಿಲ್ಲ ಅಂದ್ರ ಲಿಂಗಾನರ ಸಿಗಲಿ. ಅದನ್ನ ಸಮಾಧಿ ಮಾಡಿ ಅವನ್ನ ಕಳಿಸಿಕೊಡೂಣು" ಎಂದಿದ್ದರು. ಅದಕ್ಕೇ ಶಾಂತಕುಮಾರ ಮೂರು ಬೇಸಿಗೆ ಕೆಸರು ಜಾಲಿಸಿದ. ಅವನು ಹುಡುಕುತ್ತಿದ್ದದ್ದು ಕರಡಿಗೆ, ಅಂದರೆ ಲಿಂಗವಿಡುವ ಬೆಳ್ಳಿಯ ಪುಟ್ಟ ಡಬ್ಬಿ. ಮುಚ್ಚಳದ ಮೇಲೆ ಒಂದು ತಗ್ಗಿತ್ತು. ನಾಲ್ಕು ವರ್ಷದ ಶಾಂತು, ಮಲಗಿದ್ದ ಅಣ್ಣನ ಎದೆಯ ಮೇಲೆ ಕೂತು ಲಟ್ಟಣಿಗೆಯಿಂದ ಕುಟ್ಟಿ ಮಾಡಿದ ತಗ್ಗು ಅದು.

ಅವನು ಹೊರಟಾಗಲೆಲ್ಲ ಅತ್ತಿಗೆ ಶಿವದೇವಿ ಬಾಗಿಲಿಗೆ ಬಂದು, "ಬಿಡೋ ಶಾಂತು, ಎಷ್ಟಂತ ಹುಡುಕ್ತಿ" ಅನ್ನುತ್ತಿದ್ದಳು. ತನ್ನ ಮೇಲಿನ ಅಂತಃಕರಣವೆಂದು ತಿಳಿದು ಅವನು ಇನ್ನೂ ಬಿರುಸಾಗಿ ಹೆಜ್ಜೆ ಹಾಕುತ್ತಿದ್ದ.

ಏಪ್ರಿಲಿನ ಒಂದು ಬೆಳಿಗ್ಗೆ ಅದು ಸಿಕ್ಕಿತು. ಹೂಳೆತ್ತುವ ಯಂತ್ರ ಹಿಂದಿನ ದಿನ ಸೇತುವೆಯ ಕಂಬದ ಬುಡದಿಂದ ಕಪ್ಪು ಕೆಸರನ್ನು ಬಾಚಿ ಗುಡ್ಡೆ ಹಾಕಿತ್ತು. ಸ್ವಲ್ಪ ದೂರದಲ್ಲಿ ಇಬ್ಬರು ಹಗ್ಗಕ್ಕೆ ಅಯಸ್ಕಾಂತ ಕಟ್ಟಿ ಎಸೆದು, ಜನ ಸೇತುವೆಯಿಂದ ಹಾಕಿದ ನಾಣ್ಯ ಎಳೆಯುತ್ತಿದ್ದರು. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಹಾಗಾಗಿ ಅವರ ಭಯ ಇವನಿಗಿರಲಿಲ್ಲ. ಕುರ್ಪಿಗೆ ಮುಷ್ಟಿ ಗಾತ್ರದ ಒಂದು ಗಂಟು ತಾಗಿತು. ಅರಿವೆ ಕೊಳೆತು ಕಪ್ಪಾಗಿತ್ತು. ಬಿಚ್ಚಿದರೆ ಒಂದು ಗುಂಡುಕಲ್ಲು, ಅದರ ಪಕ್ಕದಲ್ಲಿ ಕರಡಿಗೆ. ಹೆಬ್ಬೆರಳಿನಿಂದ ಕೆಸರು ಒರೆಸಿದ. ತಗ್ಗು ಅಲ್ಲೇ ಇತ್ತು.

"ಅಣ್ಣಾ" ಎಂದು ಆ ಹೊಲಸಿನಲ್ಲೇ ಮೊಣಕಾಲೂರಿ ಕೂತ. ಹೋ ಎಂದು ಅತ್ತ. ಅಯಸ್ಕಾಂತದವರಲ್ಲೊಬ್ಬ, "ಕ್ಯಾ ಮಿಲಾ ಭಾಯ್, ಸೋನಾ?" ಎಂದು ಕೂಗಿದ.

ಅತ್ತು ಮುಗಿದ ಮೇಲೆ ಬುದ್ಧಿ ಕೆಲಸ ಮಾಡತೊಡಗಿತು. ಮಾಡದಿದ್ದರೇ ಚೆನ್ನಾಗಿತ್ತು. ಪ್ರವಾಹ ಗಂಟು ಕಟ್ಟುವುದಿಲ್ಲ, ಗಂಟಿನೊಳಗೆ ಕಲ್ಲು ಇಡುವುದಿಲ್ಲ. ಬಟ್ಟೆ ಅಂಗಡಿಯವನ ಬೆರಳು ತಾನಾಗಿಯೇ ಅರಿವೆಯ ಅಂಚು ಸವರಿತು. ಗುಳೇದಗುಡ್ಡದ ಖಣ, ಅಂಚು ಇನ್ನೂ ಗಟ್ಟಿಯಾಗಿತ್ತು. ಅಣ್ಣ ಕಾಣೆಯಾದ ವರ್ಷದ ಪಂಚಮಿಗೆ ಕುಪ್ಪಸ ಹೊಲಿಸಿಕೊಳ್ಳಲೆಂದು ಅವನೇ ಅತ್ತಿಗೆಗೆ ತರಿಸಿಕೊಟ್ಟ ಖಣ. ಅವಳು ಅದನ್ನು ತೊಟ್ಟಿದ್ದನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಮನೆಗೆ ಬಂದಾಗ ಶಿವದೇವಿ ಜೋಳ ಹಸನು ಮಾಡುತ್ತಿದ್ದಳು. ಅವನು ಖಣವನ್ನು ನೆಲದ ಮೇಲೆ ಹಾಸಿ, ಅದರ ಮೇಲೆ ಕರಡಿಗೆ ಇಟ್ಟ. ಅವಳ ಕಣ್ಣು ಮೊದಲು ಹೋದದ್ದು ಖಣದ ಕಡೆಗೆ.

"ವೈನಿ, ಇದು ನಿಮ್ದ ಹೌದಲ್ರಿ?"

ಮೊರ ಕೆಳಗಿಟ್ಟಳು. "ಬಾಗಲಾ ಮುಂದ ಮಾಡು. ಸ್ನೇಹಾ ಮಾಳಗಿ ಮ್ಯಾಲ ಅದಾಳ."

ಅವನು ಬಾಗಿಲು ಎಳೆದು ಬಂದ ಮೇಲೆ ಎಲ್ಲ ಹೇಳಿದಳು. ಮಲ್ಲಣ್ಣ ದುಡಿಯುತ್ತಿದ್ದ ನಾಚಾರಂನ ಕಾರ್ಖಾನೆಯವರು ಅವನನ್ನು ಆ ವರ್ಷ ಮೇ ತಿಂಗಳಲ್ಲೇ ಕೆಲಸದಿಂದ ತೆಗೆದಿದ್ದರಂತೆ. ಮನೆಯಲ್ಲಿ ಹೇಳದೆ ಅವನು ಐದು ತಿಂಗಳು ಬುತ್ತಿ ಕಟ್ಟಿಸಿಕೊಂಡು ಹೊರಡುತ್ತಿದ್ದನಂತೆ.

"ಎಲ್ಲಿ ಹೋಗ್ತಿದ್ರು ಗೊತ್ತೇನ? ನೀ ತೋರಿಸಿದ್ದ ಬಾವಿಗೆ. ಮೆಟ್ಟಿಲ ಮ್ಯಾಲ ಕುಂತು ರೊಟ್ಟಿ ತಿಂದು ಸಂಜೀಕ ಬರ್ತಿದ್ರು. ಅವತ್ತ ಮಧ್ಯಾಹ್ನ ಅವರ ಜೋಡಿ ಕೆಲಸಾ ಮಾಡ್ತಿದ್ದ ಹುಲಗೇಶ ಬಂದು ಎಲ್ಲಾ ಹೇಳಿದ. ಇವರು ಒಳಗ ಕಾಲಿಟ್ಟ ಕೂಡ್ಲೆ ನಾ ಬಾಯಿಗೆ ಬಂದಂಗ ಬೈದೆ. ನೀವು ಗಂಡಸಲ್ಲ ಅಂದೆ." ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಒಂದ ಮಾತು ಆಡಲಿಲ್ಲ. ಆರಕ್ಕ ಹೊರಗ ಬಿದ್ರು. ದೇವರ ಜಗಲಿ ಮ್ಯಾಲ ನೋಡಿದ್ರ ಕರಡಿಗಿ ಬಿಚ್ಚಿಟ್ಟಾರ."

ಶಾಂತಕುಮಾರ ಹೊತ್ತಿನ ಲೆಕ್ಕ ಹಾಕಿದ. "ನಾ ಫೋನ್ ಮಾಡಿದ್ದು ಏಳಕ್ಕರಿ."

"ಹೂಂ. ನಿನ್ನ ಕರಕೊಂಡ ಬರಾಕಂತ ಅವರು ಮನಿ ಬಿಡಲಿಲ್ಲ ಶಾಂತು. ನೀರು ಇಳಿದ ಮ್ಯಾಲ ನಾನ ಅದನ್ನ ಕಲ್ಲು ಇಟ್ಟು ಕಟ್ಟಿ ಒಗದೆ. ಅವರು ಎಲ್ಲಿ ಹೋದ್ರೋ ಅದೂ ಅಲ್ಲೇ ಹೋಗಲಿ ಅಂತ."

ಮೊದಲು ಅವನಿಗೆ ಆದದ್ದು ಸಂತೋಷ. ನಾಚಿಕೆಗೇಡು, ಆದರೆ ಆದದ್ದು ಅದೇ. ತಾನು ಕೊಂದಿಲ್ಲ ಎಂದು ಎದೆ ಹಗುರಾಯಿತು. ಅದರ ಬೆನ್ನಿಗೇ ಸಿಟ್ಟು ನೆತ್ತಿಗೇರಿತು.

"ಮೂರು ಬೇಸಿಗಿ ನಾ ಆ ಹೊಲಸಿನಾಗ ಬಿದ್ದು ಒದ್ದಾಡಿದೆ. ನೀವು ಬಾಗಲದಾಗ ನಿಂತು ನೋಡಿದ್ರಿ! ಸ್ನೇಹಾ ನನ್ನ ಮಾರಿ ಸೈತ ನೋಡೂದಿಲ್ಲ!"

"ಹೊಡಿ ನನ್ನ, ಸುಮ್ಮನ ಹೊಡಿಸ್ಕೋತೀನಿ. ಆದ್ರ ಆಕಿಗೆ ಏನಂತ ಹೇಳ್ಲಿ? ನಿಮ್ಮವ್ವ ಬೈದಿದ್ದಕ್ಕ ನಿಮ್ಮಪ್ಪ ಲಿಂಗಾ ಬಿಚ್ಚಿಟ್ಟು ಹೋದ ಅಂತನಾ? ತಮ್ಮನ್ನ ಕರಕೊಂಡ ಬರಾಕ ಹೋಗಿ ಸತ್ತ ಅಂದ್ರ ಆಕಿ ಅಪ್ಪನ್ನ ನೆನೆಸಿ ತಲಿ ಎತ್ತಿ ತಿರುಗ್ತಾಳ. ನನ್ನ ಮಾರೀನೂ ನೋಡ್ತಾಳ." ಅವಳು ಅವನ ಕೆಸರುಗಾಲನ್ನೇ ಹಿಡಿದುಕೊಂಡಳು. "ಕೆಸರಿನಾಗ ಸಿಕ್ತು ಅಂತ ಅಯ್ಯಾಗೋಳಿಗೆ ಕೊಡು. ಖಣದ ಮಾತು ತಗೀಬ್ಯಾಡ."

ಆ ವಾರವೆಲ್ಲ ಶಾಂತಕುಮಾರ ನಿದ್ದೆಗೆಟ್ಟ. ಕರಡಿಗೆ ಬಿಚ್ಚಿಟ್ಟು ಹೋದವನು ಏಳು ಗಂಟೆಗೆ "ಬರಾಕತ್ತೀನಿ" ಎಂದದ್ದು ಯಾಕೆ? ಬಾಯಿಮಾತಿಗೆ ಅಂದನೇ? ಅಥವಾ ತಮ್ಮನ ದನಿ ಕೇಳಿ ಮನಸ್ಸು ಬದಲಿಸಿ, ನಿಜವಾಗಿಯೂ ಸ್ಕೂಟರ್ ತನ್ನ ಕಡೆ ತಿರುಗಿಸಿದನೇ? ಹಾಗಾದರೆ ಸಾವು ಮತ್ತೆ ತನ್ನ ಫೋನಿನಿಂದಲೇ ಬಂತು. ಸತ್ತಿದ್ದಾನೋ ಇಲ್ಲವೋ, ಅದಾದರೂ ಯಾರಿಗೆ ಗೊತ್ತು? ಕೇಳಲು ಉಳಿದವರು ಯಾರೂ ಇಲ್ಲ. ಖಣವನ್ನು ಅವನು ಮಾಳಿಗೆಯ ಮೇಲೆ ಸೀಮೆಎಣ್ಣೆ ಸುರಿದು ಸುಟ್ಟ. ಕೆಸರು ಹೀರಿದ ಅರಿವೆ, ಬೇಗ ಉರಿಯಲಿಲ್ಲ.

ಮುಂದಿನ ಸೋಮವಾರ ರುದ್ರಭೂಮಿಯಲ್ಲಿ ಮೊಳದುದ್ದದ ಗುಂಡಿ ತೋಡಿಸಿದರು. ಸಮಾಜದ ಇಪ್ಪತ್ತು ಮಂದಿ ಸೇರಿದ್ದರು. ಅಯ್ಯನವರು ಕರಡಿಗೆಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಶಾಂತಕುಮಾರನ ಅಂಗೈಯಲ್ಲಿಟ್ಟರು.

"ಮಣ್ಣು ಕೊಡೂಕಿಂತ ಮೊದಲ ನಾಕು ಮಂದಿ ಮುಂದ ಹೇಳಪ್ಪ. ಮಲ್ಲಣ್ಣ ಹೆಂಗ ಲಿಂಗೈಕ್ಯ ಆದ?"

ಶಿವದೇವಿ ನೆಲ ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಸ್ನೇಹಲತಾ. ಎಷ್ಟೋ ದಿನಗಳ ಮೇಲೆ ಅವಳು ಕಾಕಾನ ಮುಖವನ್ನು ನೆಟ್ಟಗೆ ನೋಡುತ್ತಿದ್ದಳು. ಅಪ್ಪನ ಲಿಂಗ ಹುಡುಕಿ ತಂದವನೆಂಬ ಒಂದು ಮೆತ್ತನೆಯ ಭಾವ ಆ ಕಣ್ಣಿನಲ್ಲಿತ್ತು. ನಿಜದ ಒಂದು ಮಾತು ಆಡಿದರೆ ಆ ಕಣ್ಣು ಶಾಶ್ವತವಾಗಿ ತನ್ನದಾಗುತ್ತದೆ ಎಂದು ಅವನಿಗೆ ಗೊತ್ತಿತ್ತು.

"ನನ್ನ ಕರಕೊಂಡ ಹೋಗಾಕ ಬರೂ ಮುಂದ ಆತ್ರಿ" ಎಂದ ಶಾಂತಕುಮಾರ. "ಮಳ್ಯಾಗ ಬ್ಯಾಡ ಅಂದ್ರೂ ಕೇಳದ ನಾನ ಹೋಗಿದ್ದೆ. ನಾನ ಅವನ್ನ ಕರದಿದ್ದೆ."

ಸ್ನೇಹಲತಾ ಮುಖ ತಿರುಗಿಸಿದಳು. ಅವನು ಬಗ್ಗಿ ಕರಡಿಗೆಯನ್ನು ಗುಂಡಿಗೆ ಇಳಿಸಿ, ಮೊದಲ ಹಿಡಿ ಮಣ್ಣು ಹಾಕಿದ.