ಏಳು ಹೊಸ್ತಿಲ ಮನೆಗೊಂದು ಮಿಷಿನ್ನು

"ಹೊಸ್ತಿಲು ಕೊಯ್ಸ್ತೀರಾ? ಮೊದ್ಲು ನನ್ ಕುತ್ಗೆ ಕೊಯ್ಸಿ, ಆಮ್ಯಾಕೆ ಹೊಸ್ತಿಲು ಕೊಯ್ಸೀರಂತೆ!"

ಕನಕಪುರದ ಎಲೆಕ್ಟ್ರಾನಿಕ್ಸ್ ಅಂಗಡಿಯೊಂದರಲ್ಲಿ ಟಿವಿ ಕೊಳ್ಳಲು ಬಂದಿದ್ದ ನಾಲ್ಕು ಜನ ತಿರುಗಿ ನೋಡಿದರು. ಕೆಂಪರಾಜುವಿಗೆ ಹೆಂಡತಿ ಲತಾಮಣಿಯ ಮಾತಿಗಿಂತ ಆ ನಾಲ್ಕು ಜನ ನೋಡಿದ್ದೇ ಹೆಚ್ಚು ಉರಿಯಿತು.

"ಮೆಲ್ಲುಗ್ ಮಾತಾಡಮ್ಮಿ. ಹೊಸ್ತಿಲು ಅಂದ್ರೂ ಮರಾನೇಯ. ಮರ ಇರಾದೇ ಕೊಯ್ಯಕೆ."

"ಆ ಮರುದ್ ಮೇಲೆ ಸೇರಕ್ಕಿ ಒದ್ದು ನಿಮ್ಮನೆ ಒಳಿಕ್ ಬಂದೋಳು ನಾನು. ಮೂವತ್ತೊರ್ಸ ಅರಿಸಿಣ ಬಳ್ದಿವ್ನಿ!"

ಇಷ್ಟಕ್ಕೆಲ್ಲ ಕಾರಣ ಅಂಗಡಿಯ ಇದ್ರೀಸ್ ಕೇಳಿದ ಒಂದು ಪ್ರಶ್ನೆ. ತಾನೇ ಓಡಾಡಿಕೊಂಡು ಕಸ ಗುಡಿಸಿ ನೆಲ ಒರೆಸುವ ಮಿಷಿನ್ನನ್ನು ನೆಲಕ್ಕೆ ಬಿಟ್ಟು, "ಅಣ್ಣ, ಮನೇಲಿ ಹೊಸ್ತಿಲು ಎಷ್ಟು ಎತ್ತರ?" ಎಂದಿದ್ದ. ಕೆಂಪರಾಜು ನಾಲ್ಕು ಬೆರಳು ಜೋಡಿಸಿ ತೋರಿಸಿದ. ಇದ್ರೀಸ್ ಒಂದೇ ಬೆರಳು ಅಡ್ಡ ಹಿಡಿದು, "ಇದು ಇಷ್ಟೇ ಅಣ್ಣ ಹತ್ತೋದು" ಎಂದ. ಅಜ್ಜ ಕಟ್ಟಿಸಿದ ಮನೆ, ಏಳು ಹೊಸ್ತಿಲು, ಎಲ್ಲವೂ ಹಲಸಿನ ಮರದವು. ಒಂದು ತಟ್ಟೆಯಷ್ಟಗಲದ ಮಿಷಿನ್ನಿಗೆ ಅವು ಬೆಟ್ಟವಾದವು.

ಮಿಷಿನ್ನು ಬೇಕಾದದ್ದು ಲತಾಮಣಿಯ ಮಂಡಿಗೆ. ಕುಕ್ಕರುಗಾಲಲ್ಲಿ ಕೂತು ನೆಲ ಒರೆಸಿದರೆ ಮಂಡಿ ಕೈಕೊಡುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹನ್ನೆರಡು ವರ್ಷ ಗುಡಿಸಿ ಒರೆಸುತ್ತಿದ್ದ ಸಿದ್ದಮ್ಮ ಹಾರೋಹಳ್ಳಿ ಕಂಪನಿ ಸೇರಿದ್ದಳು. ಬೇರೆ ಯಾರನ್ನು ಕೇಳಿದರೂ "ಅಣ್ಣ, ನಾನೂ ಕಂಪ್ನಿಗೆ ಹೋಯ್ತೀನಲ್ಲ" ಎನ್ನುವವರೇ. ಕೇಳಿ ಕೇಳಿ ಕೆಂಪರಾಜುವಿನ ತಾಳ್ಮೆ ತಳ ಕಂಡಿತ್ತು. ಇವತ್ತು ಒಂದು ಮಿಷಿನ್ನು ಕೊಂಡು ಈ ರಗಳೆ ಮುಗಿಸಲೇಬೇಕೆಂದು ಹೊರಟು ಬಂದಿದ್ದ.

"ಸರಿ, ಕೊಯ್ಸಲ್ಲ ಕಣಮ್ಮಿ. ಒಂದೊಂದ್ ರೂಮಿಗೂ ಎತ್ತಿ ಎತ್ತಿ ಬುಡಾದು. ಆಯ್ತಾ?"

"ಯಾರು?" ಎಂದಳು ಲತಾಮಣಿ.

ಕೆಂಪರಾಜು ಕೇಳಿಸದವನಂತೆ ಅಂಗಡಿಯ ನೆಲದ ಮೇಲೆ ಸುತ್ತುತ್ತಿದ್ದ ಮಿಷಿನ್ನಿನ ಕಡೆ ನೋಡಿದ. ಇದ್ರೀಸ್ ನಡುವೆ ಬಂದು ಮೊಬೈಲ್ ಚಾಚಿದ. ಅದರಲ್ಲಿ ಮಾದರಿಗೆಂದು ಯಾವುದೋ ಮನೆಯ ನಕ್ಷೆಯಿತ್ತು. "ಅಕ್ಕ, ಎಲ್ಲಿಗೆ ಹೋಗ್ಬಾರ್ದೋ ಅಲ್ಲಿ ಬೆರಳಲ್ಲಿ ಗೆರೆ ಎಳೆದ್ರೆ ಸಾಕು, ದಾಟೋದಿಲ್ಲ."

"ಬಚ್ಚಲ್ ಮುಂದೆ ಒರೆಸಿದ್ ಬಟ್ಟೇಲೇ ದೇವ್ರು ಮನೇನೂ ಒರೆಸ್ತದಾ?"

"ಬಟ್ಟೆ ಒಂದೇ ಅಕ್ಕ."

ಲತಾಮಣಿ ಆ ನಕ್ಷೆಯನ್ನೇ ತನ್ನ ಮನೆಯೆಂದುಕೊಂಡು ಬೆರಳಿಟ್ಟಳು. ದೇವರ ಮನೆಗೆ ಗೆರೆ ಬಿತ್ತು. ಅಡುಗೆ ಮನೆಗೂ ಬಿತ್ತು. ರಾಗಿ ಹರವಿದ ಕೋಣೆಗೆ ಬಿತ್ತು. "ರೇಷ್ಮೆ ಹುಳ ಹಣ್ಣಾಗಿ ಗೂಡ್ ಕಟ್ಟಾಗ ಕೆಳಿಕ್ ಬಿದ್ದಿರ್ತವೆ, ನುಂಗಾಕ್ಬುಟ್ರೆ?" ಎಂದು ಹುಳದ ಮನೆಗೂ ಎಳೆದಳು. ಉಳಿದದ್ದು ಪಡಸಾಲೆ. ಕೆಂಪರಾಜು ಕುರ್ಚಿ ಹಾಕಿಕೊಂಡು ಕಡಲೆಕಾಯಿ ಸುಲಿಯುವ ಜಾಗ.

"ಅಂಗಾದ್ರೆ ಇದು ಗುಡ್ಸಾದು ನಿಮ್ ಕುರ್ಚಿ ಸುತ್ತ ಒಂದೇಯ," ಎಂದಳು. "ಸರೋಯ್ತು ಬುಡಿ. ಮನೆ ಕಸೆಲ್ಲಾ ಹುಟ್ಟಾದೂ ಅಲ್ಲೇಯ."

ಟಿವಿ ನೋಡುತ್ತಿದ್ದವರಲ್ಲೊಬ್ಬ ಕಿಸಕ್ಕನೆ ನಕ್ಕ. ಕೆಂಪರಾಜುವಿನ ಕಿವಿ ಕೆಂಪಾಯಿತು.

"ಅವ್ಳ್ ಮಾತ್ ಬುಡಪ್ಪ ಇದ್ರೀಸು. ಆ ಕರಿದು, ಈ ಬಿಳಿದು, ಎರಡ್ರಲ್ಲಿ ಯಾವ್ದು ಜೋರಾಗ್ ಎಳೀತದೆ? ಎಷ್ಟು ಎಚ್‌ಪಿ?"

"ಎಚ್‌ಪಿ ಅಂತ ಇರಲ್ಲ ಅಣ್ಣ ಇದಕ್ಕೆ."

"ಎಚ್‌ಪಿ ಇಲ್ದಿರಾ ಮೋಟ್ರು ಯಾವ್ದಯ್ಯಾ? ನಮ್ ಬೋರಿಗೇ ಏಳೂವರೆ ಐತೆ!"

ಇದ್ರೀಸ್ ಹಣೆ ಒರೆಸಿಕೊಂಡ. "ಬೋರು ಬೇರೆ ಅಣ್ಣ. ಯಾವುದಾದ್ರೂ ತಗೊಳ್ಳಿ, ಎರಡೂ ಚೆನ್ನಾಗಿ ಗುಡಿಸ್ತವೆ. ಬಿಡೋ ಮುಂಚೆ ಮಾತ್ರ ನೆಲದ ಮೇಲಿರೋದೆಲ್ಲ ಎತ್ತಿಡಬೇಕು. ಚಪ್ಪಲಿ, ಟವೆಲ್ಲು, ಚಾರ್ಜರ್ ವೈರು. ಆಮೇಲೆ ಡಬ್ಬಿ ಕಸ ಚೆಲ್ಲಬೇಕು, ಬಟ್ಟೆ ಒಗೆದು ಹಾಕಬೇಕು."

"ಯಾರು?" ಲತಾಮಣಿ ಎರಡನೇ ಸಲ ಕೇಳಿದಳು. ಕೇಳಿದ್ದು ಇದ್ರೀಸನನ್ನಲ್ಲ.

"ಇನ್ಯಾರು? ನೀನೇ!"

ಬಾಯಿಂದ ಬಿದ್ದೇಹೋಯಿತು. ಈಗ ಕೂಗುತ್ತಾಳೆ, ತಾನೂ ಕೂಗಿದರಾಯಿತು ಎಂದು ಕೆಂಪರಾಜು ಗಂಟಲು ಸರಿಮಾಡಿಕೊಂಡ. ಲತಾಮಣಿ ಕೂಗಲಿಲ್ಲ.

"ಬಗ್ಗಿ ಎತ್ತಾಕಾಗಿದ್ರೆ ಗುಡ್ಸಾಕೂ ಆಗಿರಾದು," ಎಂದಳು. "ಸಿದ್ದಮ್ಮಂಗೆ ಕಂಪ್ನೀಲಿ ಉದ್ದ ಕೋಲಿನ್ ಮಾಪು ಕೊಟ್ಟವ್ರಂತೆ. ನಿಂತ್ಕಂಡೇ ಒರೆಸ್ತಾಳಂತೆ. ನೀವು ಒಂದಿನಾನಾದ್ರೂ ನನ್ ಕೈಯಿಂದ ಪೊರಕೆ ಇಸ್ಕಂಡಿದ್ರಾ?"

ಸೊಂಟಕ್ಕೆ ಸಿಕ್ಕಿಸಿದ್ದ ಮನೆಯ ಬೀಗದಕೈ ಗೊಂಚಲನ್ನು ಬಿಚ್ಚಿ ನೆಲಕ್ಕೆ ಬಿಟ್ಟಳು. ಅದು ಝಣ್ ಎಂದು ಬಿತ್ತು.

"ಇದುನ್ನೂ ಎತ್ಕಳಿ."

ಕುಂಟುತ್ತ ಬಾಗಿಲು ದಾಟಿದಳು. ಅಷ್ಟರಲ್ಲಿ ಮಿಷಿನ್ನು ಸುತ್ತಿಕೊಂಡು ಬಂದು ಗೊಂಚಲಿಗೆ ಗುದ್ದಿ, ಅದನ್ನು ತಳ್ಳಿಕೊಂಡು ಫ್ರಿಜ್ಜಿನ ಅಡಿಗೆ ನುಗ್ಗಿತು. ಕೆಂಪರಾಜು ನೆಲಕ್ಕೆ ಮಂಡಿಯೂರಿ, ಕೆನ್ನೆ ನೆಲಕ್ಕೊತ್ತಿ ಕೈ ತೂರಿಸಿ ತಡಕಾಡಿದ. ಸೊಂಟ ಚಳಕ್ ಎಂದಿತು. "ಥೂ ನಿನ್ ಮಿಷಿನ್ ಮನೆ ಹಾಳಾಗ!" ಎಂದ. ಹೊರಗಡೆ ಕಂಡಕ್ಟರು "ಹಾರೋಹಳ್ಳಿ, ಹಾರೋಹಳ್ಳಿ" ಎಂದು ಕೂಗುತ್ತಿದ್ದ. ಗೊಂಚಲು ಸಿಕ್ಕಿ, ಫ್ರಿಜ್ಜು ಹಿಡಿದು ಎದ್ದು, ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಇರಲಿಲ್ಲ.

"ಯಾವುದು ಪ್ಯಾಕ್ ಮಾಡ್ಲಿ ಅಣ್ಣ?"

"ಇರಯ್ಯಾ. ಹೂವ ತರಕೆ ಹೋಗಿರ್ತಾಳೆ. ಬರ್ಲಿ."

ಕುರ್ಚಿಯ ಮೇಲೆ ಕೂತ. ಟಿವಿಯವರು ಟಿವಿ ಕೊಂಡು ಹೋದರು. ಇದ್ರೀಸ್ ಊಟ ಮುಗಿಸಿ ಬಂದ. ಫೋನು ಬಂದಾಗ ಮೂರು ಗಂಟೆಯಾಗಿತ್ತು. ಹಾರೋಹಳ್ಳಿಗೆ ಕೊಟ್ಟ ಮಗಳು ಪ್ರತಿಮಾ.

"ಅಪ್ಪ, ಅವ್ವ ಇಲ್ಲಿಗ್ ಬಂದವ್ಳೆ. ಬರಕಿಲ್ವಂತೆ."

"ಯಾವಾಗ್ ಬಂದಾಳು ಕೇಳು."

ಆ ಕಡೆ ಏನೋ ಮಾತಾಯಿತು. "ನಿನ್ ಟವೆಲ್ಲು ಪಡಸಾಲೇಲೇ ಬಿದ್ದೈತಂತೆ," ಎಂದಳು ಪ್ರತಿಮಾ. "ಅಷ್ಟೇ ಹೇಳ್ತಾವ್ಳೆ."

ಲತಾಮಣಿ ಅಂದು ಬರಲಿಲ್ಲ. ಟವೆಲ್ಲು ಎತ್ತಿಟ್ಟ ಮೇಲೂ ಬರಲಿಲ್ಲ.