ಬೇರಿನ ಗಂಟು

ದೇವಿರಮ್ಮ ಹೊಲಕ್ಕೆ ಬರುವಷ್ಟರಲ್ಲಿ ಐದು ಸಾಲು ಅವರೆ ಕಿತ್ತಾಗಿತ್ತು. ಮೊಣಕಾಲೆತ್ತರದ ಹಸಿರು ಗಿಡಗಳನ್ನು ಅವಳ ಗಂಡ ಚಿಕ್ಕಬೋರಯ್ಯನೇ ಬೇರುಸಹಿತ ಎಳೆದು ಬದುವಿನ ಮೇಲೆ ಗುಡ್ಡೆ ಹಾಕುತ್ತಿದ್ದ. ಹಾಕಿಸುತ್ತಿದ್ದವನು ಅವನ ಅಣ್ಣ, ಮನೆಯ ಯಜಮಾನ ದೊಡ್ಡಸಿದ್ದಯ್ಯ.

"ಗಂಟು ರೋಗ ಕಣ್ಲಾ. ಬೇರ ನೋಡು, ಎಂಗ್ ಕಚ್ಕೊಂಡವೆ. ಮಂಡ್ಯದಲ್ಲಿ ಬೇಸಾಯದ ಆಪೀಸ್ನೋರು ಇದೇ ತರ ಪಟ ಇಕ್ಕಿ ತೋರ್ಸುದ್ರು. ನಿನ್ನೆಡ್ತಿ ತೌರಿಂದ ತಂದ ಬೀಜ್ದಲ್ಲೇ ಅದೆ. ರಾಗಿಗೂ ಅಂಟ್ಕೊಳೋಕ್ ಮುಂಚೆ ಎಲ್ಲಾನೂ ಕಿತ್ತು ಸುಟ್ಟಾಕು."

ಅವಳಿಗೆ ಮೈ ಉರಿದುಹೋಯಿತು. ರಾಗಿಯ ನಡುವೆ ಹಾಕುವ ಅಕ್ಕಡಿ ಸಾಲು ಮೊದಲಿನಿಂದಲೂ ಹೆಂಗಸರದು. ಬೀಜ ಕಾಯ್ದಿಟ್ಟವಳು ಅವಳು, ಬಿತ್ತಿದವಳು ಅವಳು, ಬಗ್ಗಿ ಕಳೆ ಕಿತ್ತವಳೂ ಅವಳೇ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ರಾಗಿಯ ದೊಡ್ಡ ಪಾಲನ್ನು ಸರ್ಕಾರ ಲೆವಿಯೆಂದು ಕಡ್ಡಾಯವಾಗಿ ಅಳೆಸಿಕೊಳ್ಳುತ್ತಿತ್ತು. ಮಕ್ಕಳ ಹೊಟ್ಟೆಗೆ ನೆಚ್ಚಿಕೆ ಅಂತಿದ್ದದ್ದು ಈ ಅವರೆಯೊಂದೇ. ವರ್ಷಕ್ಕೊಮ್ಮೆಯೂ ಮಣ್ಣಿಗೆ ಕೈ ಇಡದ ಈ ಮಹಾರಾಯ ಒಂದು ದಿನ ಮಂಡ್ಯ ನೋಡಿಕೊಂಡು ಬಂದದ್ದಕ್ಕೆ, ಅದನ್ನು ಬೆಂಕಿಗೆ ಹಾಕಬೇಕಂತೆ.

ಮದುವೆಯಾಗಿ ಹನ್ನೆರಡು ವರ್ಷ ಬಾವನ ಎದುರು ತುಟಿ ಬಿಚ್ಚದವಳು ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಆರನೆಯ ಸಾಲಿಗೆ ಅಡ್ಡ ನಿಂತಳು.

"ಅದು ರೋಗ ಅಲ್ಲ ಬಾವ. ಗಂಟೊಳ್ಗೆ ಒಂದು ಜೀವ ಅದೆ ಅನ್ನೋಳು ನಮ್ಮವ್ವ. ಅವರೆ ಅದ್ನ ಸಾಕ್ತದೆ, ಅದು ಅವರೆನ ಸಾಕ್ತದೆ. ಮಿಕ್ಕಿದ್ದ ರಾಗಿ ಉಣ್ತದೆ. ನಮ್ ತೌರು ದುದ್ದದ ಕಡೆ ಗಂಟಿಲ್ದ ಬೇರ ಕಂಡ್ರೇ ಅಳೋದು."

"ಮೈ ತುಂಬ ಗಂಟೆದ್ದೋನ್ನ ಯಾರಾದ್ರೂ ಚೆನ್ನಾಗವ್ನೆ ಅಂದಾರ?" ಎಂದು ದೊಡ್ಡಸಿದ್ದಯ್ಯ ತಮ್ಮನ ಕಡೆ ತಿರುಗಿ ನಕ್ಕ. ಅವಳಿಗೆ ನೇರವಾಗಿ ಉತ್ತರ ಕೊಡುವುದೂ ಅವನ ಘನತೆಗೆ ಕಡಿಮೆ. "ಕೀಳ್ಲಾ."

ಚಿಕ್ಕಬೋರಯ್ಯ ಬಗ್ಗಿದ. ಹೆಂಡತಿಯ ಮುಖ ನೋಡುವ ಧೈರ್ಯವೂ ಆ ಗಂಡಸಿಗಿರಲಿಲ್ಲ.

ದೇವಿರಮ್ಮ ಗುಡ್ಡೆಯಿಂದ ಒಂದು ಗಿಡ ಹಿರಿದಳು. ಬೇರಿನ ಗಂಟೊಂದನ್ನು ಉಗುರಿನಿಂದ ಸೀಳಿದಳು, ಒಳಗೆ ಎಳೆಗೆಂಪು. ಉಳಿದವನ್ನೂ ಬಿಡಿಸಿ, ಮಣ್ಣುಸಮೇತ ಬಾಯಿಗೆ ಹಾಕಿಕೊಂಡು ಅಗಿದು ನುಂಗಿದಳು.

"ನಾಳಿಕೆ ನನ್ ಮೈಲಿ ಗಂಟೆದ್ರೆ ನನ್ನೂ ಕಿತ್ತಾಕಿ. ಏಳ್ದಿದ್ರೆ ಈ ಸಾಲ್ಗೆ ಯಾರೂ ಕೈ ಇಕ್ಬ್ಯಾಡಿ."

ಚಿಕ್ಕಬೋರಯ್ಯನ ಕೈ ಗಿಡದಿಂದ ಈಚೆ ಬಂತು.

ಮಾರನೆಯ ಬೆಳಿಗ್ಗೆ ಅವಳು ಉಳಿದ ಸಾಲುಗಳಲ್ಲಿ ಕಳೆ ಕೀಳುತ್ತಿದ್ದಾಗ ದೊಡ್ಡಸಿದ್ದಯ್ಯ ಬದುವಿಗೆ ಬಂದ. ಅವರೆಯನ್ನು ನೋಡಲಿಲ್ಲ. ಬಗ್ಗಿದ್ದ ಅವಳ ಕೈಗಳನ್ನು, ಕತ್ತನ್ನು ಕದ್ದು ನೋಡುತ್ತ ನಿಂತ. ದೇವಿರಮ್ಮ ಎದ್ದಳು. ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿ, ಎರಡು ಕೈಯನ್ನೂ ಅವನ ಮುಂದೆ ಚಾಚಿ ಹಿಡಿದಳು. ಅವನು ತಲೆ ತಗ್ಗಿಸಿ ಹೊರಟುಹೋದ ಮೇಲೂ ಅವಳು ಕೈ ಇಳಿಸಲಿಲ್ಲ.