ಮೊದಲ ಸಾಲಿನ ರುಜು

ಎಲ್ಲ ರೋಗಕ್ಕೂ ಮದ್ದುಂಟು, ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಟೈಪಿಸ್ಟ್ ಅಕ್ಕನಿಗೆ ಆ ರೋಗವಿತ್ತು. ಇದೆ ಎಂದು ಒಪ್ಪಿಕೊಳ್ಳಲು ಮಾತ್ರ ಹದಿನೈದು ವರ್ಷ ಹಿಡಿಯಿತು. ಚುನಾವಣಾ ಕಚೇರಿಯ ಎದುರಿಗೇ ಅವಳ ಅಂಗಡಿ. ಒಂದು ಕಂಪ್ಯೂಟರು, ಮಾರಲು ಮನಸ್ಸಾಗದೆ ಉಳಿದ ಒಂದು ಹಳೇ ಟೈಪ್‌ರೈಟರು, ಗೋಡೆಗೆ ಒರಗಿಸಿಟ್ಟ ಮತದಾರರ ಪಟ್ಟಿಯ ಕಟ್ಟುಗಳು. ಅರ್ಜಿ ಬರೆಸಲು ಬಂದವರೆಲ್ಲ, "ನಿಮ್ಮ ತಂಗಿ ಹುಲಿ ಕಣ್ರಮ್ಮ" ಎಂದು ಹೊಗಳಿ ಹೋಗುತ್ತಿದ್ದರು. "ಹೂಂ, ಹುಲೀನೇ" ಎಂದು ಅಕ್ಕ ಕೀಲಿಮಣೆಯ ಮೇಲೆ ಬೆರಳು ಕುಟ್ಟುತ್ತಿದ್ದಳು. ಹುಲಿಗೆ ಘರ್ಜನೆ ಬರೆದುಕೊಡುವವರು ಯಾರು ಎಂದು ಒಬ್ಬನೂ ಕೇಳಲಿಲ್ಲ.

ಹದಿನೈದು ವರ್ಷದ ಕೆಳಗೆ ನಗರಸಭೆಯವರು ಬಾಗಿಲು ಹಾಕಿಕೊಂಡು ಸಭೆ ನಡೆಸುತ್ತಿದ್ದರು. ಒಳಗೆ ಏನು ತೀರ್ಮಾನವಾಯಿತೆಂಬುದು ಬೀದಿ ಅಗೆಯಲು ಬಂದಾಗಲೇ ಜನಕ್ಕೆ ತಿಳಿಯುತ್ತಿದ್ದದ್ದು. ಬಾಗಿಲು ತೆಗೆಯಿರಿ, ಕೂತು ಕೇಳುವುದು ನಮ್ಮ ಹಕ್ಕು ಎಂದು ಮೊದಲ ಅರ್ಜಿ ಟೈಪ್ ಮಾಡಿ, ಮನೆಮನೆ ತಿರುಗಿ ನಾನೂರು ರುಜು ಹಾಕಿಸಿದವಳು ಅಕ್ಕ. ಆದರೆ ಅದನ್ನು ಓದಿ ಹೇಳಲು ಬೀದಿಸಭೆಯಲ್ಲಿ ಮೈಕು ಕೈಗೆ ಬಂದಾಗ ಅವಳ ನಾಲಿಗೆಯ ಪಸೆ ಆರಿಹೋಯಿತು. ಪಕ್ಕದಲ್ಲಿದ್ದ ತಂಗಿ ಕಾಗದ ಕಿತ್ತುಕೊಂಡು ಓದಿದಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ತಂಗಿ ಬದುಕಿದ್ದಷ್ಟೇ ಅಲ್ಲ, ಮುಂದಿನ ಚುನಾವಣೆಯಲ್ಲಿ ಗೆದ್ದು ನಗರಸಭೆಗೆ ಹೋದಳು, ಹೋದ ಮೊದಲ ದಿನವೇ ಆ ಬಾಗಿಲು ತೆಗೆಸಿದಳು. ಅಂದಿನಿಂದ ಅವಳು ಊರಿಗೆಲ್ಲ ಮೆಂಬರಮ್ಮ. ಐದು ವರ್ಷದ ಹಿಂದೆ ಶಾಸಕಿಯಾದ ಮೇಲೂ ಆ ಹೆಸರು ಬಿಟ್ಟುಹೋಗಲಿಲ್ಲ.

ನಗರಸಭೆಯಂಥ ಊರಿನ ಸಭೆಗಳಿಗೆ ಇನ್ನು ಚುನಾವಣೆ ಬೇಡ, ಸದಸ್ಯರನ್ನು ಸರ್ಕಾರವೇ ನೇಮಿಸಲಿ ಎಂದು ಮಸೂದೆ ಬಂದಾಗ, ಶಾಸನಸಭೆಯಲ್ಲಿ ಎದ್ದು ನಿಂತು ಬೇಡ ಎಂದವರು ಮೂರೇ ಜನ. ಅವರಲ್ಲಿ ಮೆಂಬರಮ್ಮ ಒಬ್ಬಳು. "ಓಟು ನಮ್ಮ ಮನೆ ಕೀಲಿಕೈ. ಅದನ್ನ ನಿಮ್ಮ ಕೈಗೆ ಕೊಟ್ಟು ನಾವು ಬೀದೀಲಿ ಮಲಗೋಲ್ಲ" ಎಂದಳು. ಅವಳನ್ನು ಎಳೆದು ಹೊರಗೆ ಹಾಕಿದರು, ಹನ್ನೊಂದು ದಿನ ಜೈಲಿನಲ್ಲಿಟ್ಟರು. ಬಿಡುಗಡೆಯಾಗುವಷ್ಟರಲ್ಲಿ ಕೀಲಿಕೈ ಮಾತು ಊರಿನ ಗೋಡೆಗೋಡೆಯ ಮೇಲಿತ್ತು, ಕೆಳಗೆ ಮೆಂಬರಮ್ಮನ ಮುಖ. ಮಸೂದೆಯೂ ಮೂಲೆ ಸೇರಿತು.

ಆ ಮಾತನ್ನು ಅಕ್ಕ ಬರೆದದ್ದು ಹಾಳಾದ ಒಂದು ಅಫಿಡವಿಟ್ಟಿನ ಹಿಂಬದಿಗೆ, ಪಕ್ಕದಲ್ಲಿ ಚಹಾ ಆರುತ್ತಿರುವಾಗ. ಗೋಡೆ ಕಂಡಾಗಲೆಲ್ಲ ಅವಳ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಥೂ, ಒಡಹುಟ್ಟಿದವಳ ಮೇಲೆ ಇದೆಂಥ ಬುದ್ಧಿ ಎಂದು ತನ್ನನ್ನೇ ಬೈದುಕೊಂಡು, ಅಂಗಡಿಗೆ ಬಳಸು ದಾರಿ ಹಿಡಿಯುತ್ತಿದ್ದಳು. ಅಲ್ಲೂ ಗೋಡೆಗಳಿದ್ದವು.

ಹೀಗೇ ನಡೆದುಹೋಗುತ್ತಿತ್ತೇನೋ. ಮತ್ತೆ ಚುನಾವಣೆ ಬರುವ ಹೊತ್ತಿಗೆ ಪತ್ರಿಕೆಯವರೊಬ್ಬರು ಮೆಂಬರಮ್ಮನನ್ನು ಕೇಳಿದರು: ಇಷ್ಟು ಚೆನ್ನಾಗಿ ಮಾತಾಡುವುದನ್ನು ನಿಮಗೆ ಯಾರು ಕಲಿಸಿದರು? "ಜನ" ಎಂದು ಉತ್ತರ ಕೊಟ್ಟಿದ್ದಳು ಮಹಾತಾಯಿ. ಅಕ್ಕ ಅದನ್ನು ಮೂರು ಸಲ ಓದಿದಳು. ಎದುರುಸಾಲಿನ ಇಸ್ತ್ರಿಯಣ್ಣನೂ ಜನ, ಬಸ್ಸಿಗೆ ಕಾಯುವವರೂ ಜನ, ಹದಿನೈದು ವರ್ಷ ಕಣ್ಣು ನೋಯಿಸಿಕೊಂಡು ಬರೆದ ತಾನೂ ಜನ.

ಅದರ ಮಾರನೆಯ ದಿನವೇ ಗುತ್ತಿಗೆದಾರ ಅಂಗಡಿಗೆ ಬಂದ. ಈ ಸಲ ಚುನಾವಣೆಗೆ ಮೆಂಬರಮ್ಮನ ಎದುರು ನಿಂತಿದ್ದವನು ಅವನೇ; ನೇಮಕದ ಮಸೂದೆಗೆ ಊರಲ್ಲಿ ಚಪ್ಪಾಳೆ ತಟ್ಟಿಸಿದವನು. ನಾಮಪತ್ರದ ಮೂರು ಪ್ರತಿ ಟೈಪ್ ಮಾಡಿಸಿಕೊಂಡ. ಒಂದೊಂದಕ್ಕೂ ಹತ್ತು ಮಂದಿ ಸೂಚಕರು ರುಜು ಹಾಕಬೇಕು. ಒಂದು ಪ್ರತಿ ತಪ್ಪಾದರೆ ಇನ್ನೊಂದಿರಲಿ ಎಂದು ಮೂರು.

"ಆ ಕೀಲಿಕೈ ಮಾತು ನಿಮ್ಮದೇ ಅಂತ ನಂಗೊತ್ತು ಅಕ್ಕಾವ್ರೆ," ಎಂದ ಗುತ್ತಿಗೆದಾರ. "ಊಟ ಬಡಿಸಿದವಳ ಹೆಸರು ಹೇಳ್ತಾರೆ, ಅಡುಗೆ ಮಾಡಿದವಳನ್ನ ಯಾರು ಕೇಳ್ತಾರೆ?"

ಹದಿನೈದು ವರ್ಷದಲ್ಲಿ ಅಕ್ಕನ ಕಿವಿಗೆ ಈ ಮಾತು ಬಿದ್ದದ್ದು ಅದೇ ಮೊದಲು. ಹೇಳಿದವನು ಎಂಥವನೆಂದು ಗೊತ್ತಿತ್ತು. ಆದರೂ ಹಿತವಾಯಿತು. ಅವನ ಕಡೆಯವರೆಲ್ಲ ರುಜು ಹಾಕಿದ ಮೇಲೂ ಮೂರನೆಯ ಪ್ರತಿಯಲ್ಲಿ ಒಂದು ಸಾಲು ಖಾಲಿಯಿತ್ತು. ಅವನು ಕೇಳಿದ, ಇವಳು ರುಜು ಹಾಕಿಬಿಟ್ಟಳು. ಮರುದಿನ ಅವನು ಮೆರವಣಿಗೆಯಲ್ಲಿ ಹೋಗಿ ನಾಮಪತ್ರ ಸಲ್ಲಿಸಿದ್ದನ್ನು ಅಂಗಡಿಯಲ್ಲಿ ಕೂತೇ ನೋಡಿದಳು. ಮಾಡಿಕೊಂಡದ್ದು ಎಂಥ ಎಡವಟ್ಟು ಎಂದು ಹೊಳೆದದ್ದು ಆಗ.

ಏಕೆಂದರೆ ಅವಳಿಗಿಂತ ಚೆನ್ನಾಗಿ ನಿಯಮ ಬಲ್ಲವರು ಆ ಬೀದಿಯಲ್ಲಿ ಇರಲಿಲ್ಲ. ಒಬ್ಬ ಮತದಾರ ಒಬ್ಬರಿಗೆ ಮಾತ್ರ ಸೂಚಕನಾಗಬಹುದು. ಇಬ್ಬರಿಗೆ ರುಜು ಹಾಕಿದರೆ ಮೊದಲು ಸಲ್ಲಿಸಿದ್ದು ನಿಲ್ಲುತ್ತದೆ, ಆಮೇಲಿನದು ಬಿದ್ದುಹೋಗುತ್ತದೆ. ತಂಗಿಯ ನಾಮಪತ್ರದಲ್ಲೋ, ಮೊದಲ ಚುನಾವಣೆಯಿಂದಲೂ ಸೂಚಕರ ಮೊದಲ ಸಾಲು ಅಕ್ಕನದು. ಉಳಿದ ಒಂಬತ್ತು ರುಜು ಆದ ಮೇಲೆ, ಕಟ್ಟಕಡೆಗೆ, ಸಲ್ಲಿಸಲು ಹೋಗುವ ದಾರಿಯಲ್ಲಿ ಅಂಗಡಿಗೆ ಬಂದು ಅದನ್ನು ತುಂಬಿಸಿಕೊಂಡು ಹೋಗುವುದು ಅವರಿಬ್ಬರ ಪದ್ಧತಿ.

ಕೊನೆಯ ದಿನ ಎರಡು ಗಂಟೆಗೆ ಮೆಂಬರಮ್ಮ ಬಂದಳು. ಮೂರಕ್ಕೆ ಕಚೇರಿಯ ಬಾಗಿಲು ಹಾಕುತ್ತದೆ. ಮುಖ ಬಿಸಿಲಿಗೆ ಕೆಂಪಾಗಿತ್ತು, ಒಂದು ಚಪ್ಪಲಿಯ ಬಾರು ಕಿತ್ತಿತ್ತು.

"ಹಾಕಕ್ಕ. ನಿನ್ನದೊಂದೇ ಬಾಕಿ," ಎಂದು ಕಾಗದ ಮುಂದಿಟ್ಟಳು.

ಅಕ್ಕ ಪೆನ್ನು ತೆಗೆದುಕೊಂಡಳು. ಹಾಕಿದರೆ ಮುಗಿಯಿತು. ನಾಳಿನ ಪರಿಶೀಲನೆಯಲ್ಲಿ ನಾಮಪತ್ರ ಬೀಳುತ್ತದೆ, ಗೋಡೆಗಳು ಸುಣ್ಣ ಕಾಣುತ್ತವೆ, ಹುಲಿ ಬೆಕ್ಕಾಗಿ ಈ ಅಂಗಡಿಯ ಸ್ಟೂಲಿನ ಮೇಲೆ ಬಂದು ಕೂರುತ್ತದೆ. ಆ ಯೋಚನೆ ಅವಳಿಗೆ ಎಷ್ಟು ಸಿಹಿಯಾಗಿತ್ತೆಂದರೆ, ಅವಳಿಗೇ ಭಯವಾಯಿತು. ಕೆಳಗಿನ ಒಂಬತ್ತು ರುಜುಗಳ ಮೇಲೆ ಕಣ್ಣಾಡಿತು. ಅದರಲ್ಲಿ ನಾಲ್ಕು, ಹೆಬ್ಬೆಟ್ಟು ಬಿಟ್ಟು ರುಜು ಹಾಕುವುದನ್ನು ಇದೇ ಮೇಜಿನ ಮೇಲೆ ಅವಳ ಹತ್ತಿರವೇ ಕಲಿತವರದು.

ಪೆನ್ನು ಕೆಳಗಿಟ್ಟಳು. "ನಂದು ಬೇಡ. ಬೇರೆಯವರ ಹತ್ರ ಹಾಕಿಸ್ಕೋ."

"ಯಾಕೆ? ಏನಾಯ್ತೀಗ?"

"ಆ ಗುತ್ತಿಗೆದಾರನಿಗೆ ಹಾಕಿದ್ದೀನಿ."

ಮೆಂಬರಮ್ಮ ಅಕ್ಕನ ಮುಖವನ್ನೇ ನೋಡಿದಳು. "ಬೆದರಿಸಿದನಾ?"

ಹೌದು ಎಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅಕ್ಕನಿಗೆ ಬಾಯಿ ಬಂದದ್ದೇ ಆವತ್ತು. "ಇಲ್ಲ. ಹೊಗಳಿದ. ಹೊಟ್ಟೆಕಿಚ್ಚು ಕಣೇ ನಂಗೆ. ನಾನು ಬರೆದದ್ದು, ನಿನ್ನ ಮುಖ. ಯಾರು ಕಲಿಸಿದ್ರು ಅಂದ್ರೆ ಜನ ಅಂತೀಯ. ನಾನೇನು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ನಾ ನಿಂಗೆ?"

ಬೈದಿದ್ದರೆ, ಅತ್ತಿದ್ದರೆ, ಅಕ್ಕನಿಗೆ ಹಗುರವಾಗುತ್ತಿತ್ತು. ಮೆಂಬರಮ್ಮ ಗಡಿಯಾರ ನೋಡಿದಳು. ಬಾಗಿಲಿಗೆ ಹೋಗಿ ಇಸ್ತ್ರಿಯಣ್ಣನನ್ನು ಕರೆದಳು. ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಓಡಿಬಂದ. ಪಟ್ಟಿಯಲ್ಲಿ ಅವನ ಸಂಖ್ಯೆ ಹುಡುಕಲು ತಂಗಿ ಕಟ್ಟು ಬಿಚ್ಚತೊಡಗಿದಾಗ ಅಕ್ಕ ಕೂತಲ್ಲಿಂದಲೇ ಹೇಳಿದಳು, "ಭಾಗ ನಲವತ್ತೊಂದು, ಆರುನೂರ ಹನ್ನೆರಡು." ಇಸ್ತ್ರಿಯಣ್ಣ ಮೊದಲ ಸಾಲಿನಲ್ಲಿ, ನಾಲಿಗೆ ಕಚ್ಚಿಕೊಂಡು, ದೊಡ್ಡದಾಗಿ ರುಜು ಹಾಕಿದ. ಮೆಂಬರಮ್ಮ ಕಾಗದ ಎತ್ತಿಕೊಂಡು ಕಿತ್ತ ಚಪ್ಪಲಿ ಎಳೆಯುತ್ತ ರಸ್ತೆ ದಾಟಿದಳು. ತಿರುಗಿ ನೋಡಲಿಲ್ಲ.

ನಾಲ್ಕು ಗಂಟೆಗೆ ಕಚೇರಿಯ ಹಲಗೆಯ ಮೇಲೆ ಪಟ್ಟಿ ಅಂಟಿಸಿದರು. ಅಕ್ಕ ಹೋಗಿ ನೋಡಿದಳು. ಗುತ್ತಿಗೆದಾರ ಸಲ್ಲಿಸಿದ್ದು ಎರಡೇ ಪ್ರತಿ, ಇಪ್ಪತ್ತು ಸೂಚಕರು. ಅದರಲ್ಲಿ ಅವಳ ಹೆಸರಿರಲಿಲ್ಲ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಓದಿದಳು.

"ನಿಮ್ಮ ರುಜು ಇರೋ ಪ್ರತಿ ಮನೇಲೇ ಇದೆ ಅಕ್ಕಾವ್ರೆ," ಎಂದ ಗುತ್ತಿಗೆದಾರ ಹಿಂದಿನಿಂದ. "ನಮ್ಮ ವಕೀಲರು ಬೇಡ ಅಂದ್ರು. ಒಡಹುಟ್ಟಿದವಳಿಗೇ ಆಗದವರು ನಮಗೆ ಆಗ್ತಾರಾ ಅಂತ. ಬೇಜಾರು ಮಾಡ್ಕೋಬೇಡಿ."

ಅಂದರೆ ತಂಗಿಗೆ ರುಜು ಹಾಕಬಹುದಿತ್ತು, ಏನೂ ಆಗುತ್ತಿರಲಿಲ್ಲ. ಈಗ ಯಾರ ಕಾಗದದಲ್ಲೂ ಅವಳಿಲ್ಲ. ಹಲಗೆಯ ಮೇಲೆ ತಂಗಿಯ ಹೆಸರಿನ ಕೆಳಗೆ ಮೊದಲ ಸೂಚಕನಾಗಿ ಇಸ್ತ್ರಿಯಣ್ಣನ ಹೆಸರಿತ್ತು. ಬಡಪಾಯಿ ಇಸ್ತ್ರಿಯಣ್ಣನ ಮೇಲೂ ಅವಳಿಗೆ ಹೊಟ್ಟೆ ಉರಿಯಿತು.

ಮೂರು ವಾರ ಮೆಂಬರಮ್ಮ ಭಾಷಣ ಬರೆಸಲು ಬರಲಿಲ್ಲ. ಕಾಗದವಿಲ್ಲದೆ ಮಾತಾಡುತ್ತಿದ್ದಾಳೆಂದು ಕೇಳಿ ಅಕ್ಕ ಒಂದು ಸಭೆಯ ಹಿಂದೆ, ಗೋಡೆಯ ಮರೆಯಲ್ಲಿ ನಿಂತಳು. ತಂಗಿ ತಡವರಿಸಿದಳು, ಹೇಳಿದ್ದನ್ನೇ ಎರಡು ಸಲ ಹೇಳಿದಳು, ಒಂದು ಕಡೆ ಮಾತೇ ಮರೆತು ನಿಂತಳು. ಅಕ್ಕನಿಗೆ ಎರಡು ದಿನ ಊಟ ರುಚಿಸಿತು.

ಮತದಾನದ ದಿನ ಇಬ್ಬರದೂ ಒಂದೇ ಮತಗಟ್ಟೆ, ಶಾಲೆಯ ಕೋಣೆ. ಸಾಲಿನಲ್ಲಿ ಅಕ್ಕನ ಮುಂದೆ ಇಸ್ತ್ರಿಯಣ್ಣ, ಅವನ ಮುಂದೆ ಮೆಂಬರಮ್ಮ. ಒಳಗೆ ಹೋದ ಅಕ್ಕ ತಂಗಿಗೇ ಓಟು ಹಾಕಿದಳು, ಬೆರಳು ನೋಯುವಷ್ಟು ಒತ್ತಿ. ಹೊರಗೆ ಬಂದು, ನಿಂಗೇ ಹಾಕಿದೆ ಕಣೇ ಎಂಬ ಮಾತನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಮೆಟ್ಟಿಲಿಳಿದಳು. ಕೆಳಗೆ ಅವರಿಬ್ಬರೂ ನಿಂತಿದ್ದರು.

ಇಸ್ತ್ರಿಯಣ್ಣ ನಕ್ಕ. "ಅಕ್ಕಾ, ನಿಜ ಹೇಳಿ, ಯಾರಿಗೆ ಹಾಕಿದ್ರಿ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಮೆಂಬರಮ್ಮ ಅವನ ಭುಜ ಮುಟ್ಟಿದಳು.

"ಕೇಳ್ಬಾರದಪ್ಪ," ಎಂದಳು ಮೆಲ್ಲಗೆ. "ಅವಳು ಯಾರಿಗಾದ್ರೂ ಹಾಕಲಿ, ಯಾರಿಗೂ ಹೇಳದೆ ಮನೆಗೆ ಹೋಗಲಿ. ನಾನು ಜೈಲಿಗೆ ಹೋಗಿದ್ದು ಅದಕ್ಕೇ."

ಸಾಲಿನಲ್ಲಿ ನಿಂತಿದ್ದ ಮುದುಕಿಯೊಬ್ಬಳು ಆ ಮಾತನ್ನು ಪಕ್ಕದವಳಿಗೆ ಮತ್ತೊಮ್ಮೆ ಹೇಳಿದಳು. ಸಂಜೆಯೊಳಗೆ ಅದು ಊರೆಲ್ಲ ಸುತ್ತುತ್ತದೆ ಎಂದು ಅಕ್ಕನಿಗೆ ಗೊತ್ತಾಯಿತು. ನಾಲಿಗೆ ತುದಿಯಲ್ಲಿದ್ದದ್ದನ್ನು ಇನ್ನು ಹೇಳುವಂತಿರಲಿಲ್ಲ. ಹೇಳಿದರೂ ನಂಬುವವರು ಯಾರು?

ಅಂಗಡಿಗೆ ನಡೆದು ಬರುವಾಗ ಅಭ್ಯಾಸಬಲದಿಂದ ಆ ಮಾತನ್ನು ಮನಸ್ಸಿನಲ್ಲೇ ತಿದ್ದಲು ನೋಡಿದಳು. ಎಲ್ಲಾದರೂ ಒಂದು ಪದ ಹೆಚ್ಚಿದೆಯೇ, ಒಂದು ಪದ ಕಡಿಮೆಯೇ? ಎರಡು ಬೀದಿ ದಾಟುವವರೆಗೂ ಹುಡುಕಿದಳು. ಏನೂ ಸಿಗಲಿಲ್ಲ. ತಾನು ಬರೆದದ್ದಲ್ಲ, ತಂಗಿಯದೇ. ಹೊಟ್ಟೆಯಲ್ಲಿ ಮತ್ತೆ ಬೆಂಕಿ ಬಿತ್ತು, ಈ ಸಲ ನ್ಯಾಯವಾಗಿಯೇ.